ಮೂಲೆ ನಿವೇಶನದ ಮನೆಗೆ ಸುತ್ತಲೂ 6 ಅಡಿ ಬೇಲಿ ಹಾಕಿಸಬಹುದೇ? ಅದಕ್ಕೆ ಅನುಮತಿ ಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಎರಡು ರಸ್ತೆಗಳು ಸೇರುವ ಮೂಲೆಯಲ್ಲಿ ನಿಮ್ಮ ಮನೆಯಿದೆ, ಹಿತ್ತಲಿನಲ್ಲಿ ಸಣ್ಣ ಈಜುಕೊಳವಿದೆ, ಸುತ್ತಲೂ ಒಂದೇ ಸಮನೆ 6 ಅಡಿ ಎತ್ತರದ ಮರದ ಬೇಲಿ ಹಾಕಿಸಬೇಕೆಂದಿದ್ದೀರಿ. ಬೇಲಿಗೆಲ್ಲ ಯಾರ ಅನುಮತಿಯೂ ಬೇಕಿಲ್ಲ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ, ಎದುರು ಮನೆಯ ಬೇಲಿಯೂ ಅಷ್ಟೇ ಎತ್ತರವಿದೆ, ಆದರೆ ಪಕ್ಕದ ಮನೆಯವರು ಗಡಿಯ ಬಗ್ಗೆ ತಕರಾರು ತೆಗೆದಿದ್ದಾರೆ. ಮನೆಗಳ ನಕ್ಷೆ ತಯಾರಿಸಿ ಸ್ಥಳೀಯ ಸಂಸ್ಥೆಯ ಮಂಜೂರಾತಿಗೆ ಸಲ್ಲಿಸುವುದು ನನ್ನ ಉದ್ಯೋಗವಾದ್ದರಿಂದ ಇಂಥ ಪ್ರಶ್ನೆಗಳು ನನ್ನ ಮೇಜಿಗೆ ಆಗಾಗ ಬರುತ್ತವೆ. ಬೈಲಾದ ಅಂಕಿಗಳು ಊರಿಂದ ಊರಿಗೆ ಬದಲಾಗುತ್ತವೆ, ಆದರೆ ಅವುಗಳ ಹಿಂದಿರುವ ಲೆಕ್ಕಾಚಾರ ಹೆಚ್ಚುಕಡಿಮೆ ಎಲ್ಲೆಡೆ ಒಂದೇ.

ಬೇಲಿ ಎಷ್ಟು ಎತ್ತರವಿರಬಹುದು ಎಂಬುದನ್ನು ತೀರ್ಮಾನಿಸುವುದು ಅದು ನಿವೇಶನದ ಯಾವ ಭಾಗದಲ್ಲಿ ನಿಂತಿದೆ ಎಂಬುದು. ನಿಮ್ಮ ಯೋಜನೆಯಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಆ ‘ಒಂದೇ ಸಮನೆ’ ಎಂಬ ಮಾತು. ಇಂಗ್ಲೆಂಡಿನಲ್ಲಿ ವಾಹನಗಳು ಓಡಾಡುವ ರಸ್ತೆಗೆ ತಾಗಿಕೊಂಡಿರುವ ಬೇಲಿ 1 ಮೀಟರಿಗಿಂತ ಎತ್ತರವಾದರೆ ಯೋಜನಾ ಅನುಮತಿ ಪಡೆಯಬೇಕು, ಉಳಿದ ಕಡೆ ಸಾಮಾನ್ಯವಾಗಿ 2 ಮೀಟರ್‌ವರೆಗೆ ಅದರ ಅಗತ್ಯವಿಲ್ಲ. ಅಮೆರಿಕದ ಬಹಳಷ್ಟು ಊರುಗಳಲ್ಲಿ ಮನೆಯ ಮುಂದಿನ ಅಂಗಳಕ್ಕೆ 3 ಅಥವಾ 4 ಅಡಿ, ಹಿತ್ತಲಿಗೆ 6 ಅಡಿ ಎಂಬ ಮಿತಿ ರೂಢಿಯಲ್ಲಿದೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಮುಂಭಾಗದ ರಸ್ತೆಯ ನಡುಗೆರೆಯಿಂದ ಅಳೆದು 1.5 ಮೀಟರ್ ಎತ್ತರದ ಕಾಂಪೌಂಡ್ ಗೋಡೆಗೆ ಅವಕಾಶ ನೀಡುತ್ತದೆ, ಮೇಲಿನ 0.9 ಮೀಟರ್ ಭಾಗ ಆಚೆ ಕಾಣುವಂತೆ ತೆರೆದ ವಿನ್ಯಾಸದಲ್ಲಿದ್ದರೆ 2.4 ಮೀಟರ್‌ವರೆಗೂ ಹೋಗಬಹುದು. ನೀವು ಹೇಳಿದ 6 ಅಡಿ ಹಿತ್ತಲಿನಲ್ಲಿ ಹಲವೆಡೆ ನಿರಾತಂಕವಾಗಿ ನಡೆಯುತ್ತದೆ, ಮುಂಭಾಗದಲ್ಲಿ ಅದೇ 6 ಅಡಿ ನೋಟಿಸಿಗೆ ಕಾರಣವಾಗುತ್ತದೆ.

ಮೂಲೆ ನಿವೇಶನದಲ್ಲಿ ಈ ತೊಡಕು ಎರಡು ಪಟ್ಟಾಗುತ್ತದೆ. ನೀವು ಪಕ್ಕದ ಬದಿ ಎಂದುಕೊಂಡಿರುವ ಭಾಗವೂ ರಸ್ತೆಗೆ ಮುಖ ಮಾಡಿರುವುದರಿಂದ ಅನೇಕ ಬೈಲಾಗಳು ಎರಡೂ ಬದಿಗಳನ್ನು ಮುಂಭಾಗವೆಂದೇ ಪರಿಗಣಿಸುತ್ತವೆ. ಇದರ ಮೇಲೆ ದೃಷ್ಟಿ ತ್ರಿಕೋನ ಎಂಬ ಇನ್ನೊಂದು ನಿರ್ಬಂಧವಿದೆ. ರಸ್ತೆಗಳು ಕೂಡುವ ಬಿಂದುವಿನಿಂದ ಎರಡೂ ಬದಿಗೆ ನಿಗದಿತ ದೂರ ಅಳೆದು, ಆ ಎರಡು ತುದಿಗಳನ್ನು ಓರೆಯಾಗಿ ಜೋಡಿಸಿದರೆ ಸಿಗುವ ತ್ರಿಕೋನದೊಳಗೆ ದೃಷ್ಟಿಗೆ ಅಡ್ಡಬರುವ ಏನನ್ನೂ ನಿಲ್ಲಿಸಬಾರದು. ಮೇಲೆ ಹೇಳಿದ ಸಂಹಿತೆಯಲ್ಲಿ ಮೂಲೆಯಿಂದ ಎರಡೂ ಕಡೆ 10 ಮೀಟರ್ ಉದ್ದಕ್ಕೆ ಗಟ್ಟಿ ಗೋಡೆ 0.75 ಮೀಟರ್ ಮೀರಬಾರದೆಂದಿದೆ. ಅದರ ಮೇಲೆ ಇನ್ನೊಂದು 0.75 ಮೀಟರ್ ಬೇಕೆಂದರೆ ಕಂಬಿಗಳ ನಡುವೆ ಆಚೆ ಕಾಣುವಂತಿರಬೇಕು. ಈ ಅಂಕಿಗಳು ಸುಮ್ಮನೆ ಬಂದವಲ್ಲ. ಅಮೆರಿಕದ ರಸ್ತೆ ವಿನ್ಯಾಸದ ಲೆಕ್ಕಗಳಲ್ಲಿ ಕಾರು ಓಡಿಸುವವರ ಕಣ್ಣು ನೆಲದಿಂದ 1.08 ಮೀಟರ್ ಎತ್ತರದಲ್ಲಿರುತ್ತದೆಂದು ಹಿಡಿಯುತ್ತಾರೆ. ಬೇಲಿ ಅದಕ್ಕಿಂತ ತಗ್ಗಿದ್ದರೆ ಮಾತ್ರ ಅಡ್ಡರಸ್ತೆಯಲ್ಲಿ ಬರುವ ವಾಹನ ಅವರಿಗೆ ಸಮಯಕ್ಕೆ ಸರಿಯಾಗಿ ಕಾಣುತ್ತದೆ.

ಇಲ್ಲಿ ಹಲವರು ಒಂದು ಉಪಾಯ ಹೂಡುತ್ತಾರೆ: ಮರದ ಪಟ್ಟಿಗಳ ನಡುವೆ ಸಂದು ಬಿಟ್ಟರೆ ಆಚೆ ಕಾಣುತ್ತದಲ್ಲ, ಮೂಲೆಯಲ್ಲೂ ಎತ್ತರದ ಬೇಲಿಯನ್ನೇ ಹಾಕೋಣ ಎನ್ನುತ್ತಾರೆ. ಅಂಥ ಬೇಲಿಯ ಎದುರಿಗೆ ನೇರವಾಗಿ ನಿಂತರೆ ಸಂದುಗಳಲ್ಲಿ ಆಚೆಯ ರಸ್ತೆ ಚೆನ್ನಾಗಿಯೇ ಕಾಣುತ್ತದೆ. ಆದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಬೇಲಿಯ ಉದ್ದಕ್ಕೆ ಓರೆಯಾಗಿ ನೋಡಿದರೆ ಪಟ್ಟಿಯ ದಪ್ಪವೇ ಸಂದನ್ನು ನುಂಗಿಹಾಕಿ ಇಡೀ ಬೇಲಿ ಹಲಗೆಯ ಗೋಡೆಯಂತಾಗುತ್ತದೆ, ಮತ್ತು ಕೂಡುರಸ್ತೆಗೆ ಬರುವ ಚಾಲಕರು ಅದನ್ನು ನೋಡುವುದು ಯಾವಾಗಲೂ ಓರೆಯಾಗಿಯೇ. ಆದ್ದರಿಂದ ಮೂಲೆಯ ಆ ಭಾಗದಲ್ಲಿ ತೆಳುವಾದ ಕಂಬಿಯ ಅಥವಾ ಜಾಲರಿಯ ತಗ್ಗು ಬೇಲಿಯನ್ನೇ ನಾನು ಸೂಚಿಸುತ್ತೇನೆ. ಗಿಡಗಳ ಬೇಲಿಯಾದರೂ ಈ ತ್ರಿಕೋನದಲ್ಲಿ ವಿನಾಯಿತಿ ಸಿಗುವುದಿಲ್ಲ, ಅದನ್ನು ಕತ್ತರಿಸುತ್ತಲೇ ಇರಬೇಕು.

ನೆಲ ಇಳಿಜಾರಾಗಿದ್ದರೆ ಎತ್ತರವನ್ನು ಎಲ್ಲಿಂದ ಅಳೆಯುತ್ತಾರೆಂದು ಮೊದಲೇ ಕೇಳಿ. ಕೆಲವೆಡೆ ಬೇಲಿಯ ಬುಡದ ಸಹಜ ನೆಲದಿಂದ, ಕೆಲವೆಡೆ ಎರಡು ಬದಿಗಳಲ್ಲಿ ತಗ್ಗಾದ ಕಡೆಯಿಂದ, ಇನ್ನು ಕೆಲವೆಡೆ ರಸ್ತೆಯ ಮಟ್ಟದಿಂದ ಅಳೆಯುತ್ತಾರೆ. ಮಣ್ಣು ತಡೆಯುವ 3 ಅಡಿ ಗೋಡೆ ಕಟ್ಟಿ ಅದರ ಮೇಲೆ 6 ಅಡಿ ಬೇಲಿ ನಿಲ್ಲಿಸಿದರೆ ತಗ್ಗಿನ ಬದಿಯ ನೆರೆಯವರಿಗೆ ಅದು 9 ಅಡಿಯ ಗೋಡೆಯಾಗಿಯೇ ಕಾಣುತ್ತದೆ, ಹಲವು ಬೈಲಾಗಳ ಕಣ್ಣಿಗೂ ಹಾಗೆಯೇ ಕಾಣುತ್ತದೆ. ಫ್ರಾನ್ಸಿನ ನಾಗರಿಕ ಸಂಹಿತೆಯ 663ನೆಯ ವಿಧಿ ಮಾತ್ರ ಇದಕ್ಕೆ ತದ್ವಿರುದ್ಧವಾಗಿದೆ. ಸ್ಥಳೀಯ ನಿಯಮ ಅಥವಾ ರೂಢಿ ಬೇರೆ ಹೇಳದಿದ್ದಾಗ, 50,000 ಅಥವಾ ಹೆಚ್ಚು ಜನರಿರುವ ನಗರಗಳಲ್ಲಿ ನೆರೆಹೊರೆಯ ನಡುವಣ ಗೋಡೆ ಕನಿಷ್ಠ 3.2 ಮೀಟರ್, ಉಳಿದ ಊರುಗಳಲ್ಲಿ ಕನಿಷ್ಠ 2.6 ಮೀಟರ್ ಇರಬೇಕೆಂದು ಅದು ಹೇಳುತ್ತದೆ. ಬೇರೆ ದೇಶದಲ್ಲಿರುವ ಬಂಧುಗಳ ಅನುಭವವನ್ನು ನಂಬಿ ಬೇಲಿ ಹಾಕಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನು ನಿಮ್ಮ ಗುತ್ತಿಗೆದಾರರ ಮಾತು. ಅದರಲ್ಲಿ ಅರ್ಧ ಸತ್ಯವಿದೆ, ಅಪಾಯವಿರುವುದೂ ಅಲ್ಲಿಯೇ. ಅಮೆರಿಕದ ಅನೇಕ ಊರುಗಳು ಆಧಾರವಾಗಿ ಬಳಸುವ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ 7 ಅಡಿ ಮೀರದ ಬೇಲಿಗಳಿಗೆ ಕಟ್ಟಡ ಪರವಾನಗಿಯಿಂದ ವಿನಾಯಿತಿ ನೀಡುತ್ತದೆ. ಆದರೆ ಪರವಾನಗಿ ಬೇಡವೆಂದ ಮಾತ್ರಕ್ಕೆ ನಿಯಮ ಮೀರಿ ಕಟ್ಟಲು ಒಪ್ಪಿಗೆ ಕೊಟ್ಟಂತಾಗುವುದಿಲ್ಲವೆಂದೂ ಅದೇ ಸಂಹಿತೆ ಸ್ಪಷ್ಟಪಡಿಸುತ್ತದೆ. ಕಟ್ಟಡ ಪರವಾನಗಿಯೇ ಬೇರೆ, ಆ ಬಡಾವಣೆಗೆ ಅನ್ವಯಿಸುವ ವಲಯ ನಿಯಮಗಳೇ ಬೇರೆ. ಮೊದಲನೆಯದು ಬೇಲಿ ಬೀಳದಂತೆ ನೋಡಿಕೊಂಡರೆ ಎರಡನೆಯದು ಅದು ಎಲ್ಲಿ, ಎಷ್ಟು ಎತ್ತರ, ಯಾವ ಸಾಮಗ್ರಿಯಲ್ಲಿ ಇರಬೇಕೆಂದು ಹೇಳುತ್ತದೆ. ಬಡಾವಣೆಯ ನಿವಾಸಿಗಳ ಸಂಘವೊಂದು ಇದ್ದರೆ ಮೂರನೆಯ ನಿಯಮಾವಳಿಯೂ ಸೇರಿಕೊಳ್ಳುತ್ತದೆ, ಅದು ಬಣ್ಣದವರೆಗೂ ಹೋಗಬಹುದು. ಕೆಲಸ ಮುಗಿಸಿ ಹಣ ಪಡೆದ ಗುತ್ತಿಗೆದಾರರು ಹೊರಟುಹೋಗುತ್ತಾರೆ, ನೋಟಿಸು ಬರುವುದು ಸ್ವತ್ತಿನ ಮಾಲೀಕರ ಹೆಸರಿಗೆ. ಹಾಗಾಗಿ ‘ಅನುಮತಿ ಬೇಡ’ ಎಂಬ ಉತ್ತರವನ್ನು ಸ್ಥಳೀಯ ಕಚೇರಿಯಿಂದಲೇ ಲಿಖಿತವಾಗಿ ಪಡೆಯಿರಿ.

ಪಕ್ಕದ ಮನೆಯವರ ತಕರಾರನ್ನು ನೀವು ಕಿರಿಕಿರಿ ಎಂಬಂತೆ ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಇಡೀ ಪ್ರಶ್ನೆಯಲ್ಲಿ ಅತ್ಯಂತ ಗಂಭೀರವಾದದ್ದು ಅದೇ. ಎತ್ತರ ಹೆಚ್ಚಾದರೆ ಒಂದು ದಿನದಲ್ಲಿ ಕತ್ತರಿಸಿ ಸರಿಪಡಿಸಬಹುದು, ಗಡಿ ದಾಟಿದ ಬೇಲಿಯನ್ನು ಕಿತ್ತೇ ಹಾಕಬೇಕಾಗುತ್ತದೆ. ಹಳೆಯ ಬೇಲಿ ನಿಂತಿರುವ ಸಾಲೇ ಗಡಿಯೆಂದು ಭಾವಿಸಬೇಡಿ. ಕ್ರಯಪತ್ರದಲ್ಲಿರುವ ಚಕ್ಕುಬಂದಿ ಮತ್ತು ಅಳತೆಗಳನ್ನು ಹಿಡಿದು ಪರವಾನಗಿ ಪಡೆದ ಸರ್ವೇಯರ್ ಮೂಲಕ ಗಡಿ ಗುರುತಿಸಿ, ಸಾಧ್ಯವಾದರೆ ನೆರೆಯವರೂ ಹಾಜರಿರುವಾಗಲೇ ಮೂಲೆಗಳಿಗೆ ಗೂಟ ಹೊಡೆಸಿ. ಇಂಗ್ಲೆಂಡಿನ ಭೂ ನೋಂದಣಿ ನಕ್ಷೆಗಳೂ ಬಹುಪಾಲು ಗಡಿಯ ಸ್ಥೂಲ ಸ್ಥಾನವನ್ನಷ್ಟೇ ತೋರಿಸುತ್ತವೆ. ನಕ್ಷೆಯ ಮೇಲೆ ಎಳೆದ ಗೆರೆಯ ದಪ್ಪಕ್ಕೇ ನೆಲದ ಮೇಲೆ ಗಣನೀಯ ಅಗಲ ಬರುತ್ತದೆ.

ಗಡಿ ಗೊತ್ತಾದ ಮೇಲೂ ಕಂಬದ ಬುಡದ ಕಡೆ ಒಂದು ಕಣ್ಣಿಡಿ. ನೆಲದ ಮೇಲೆ ಕಾಣುವ ಕಂಬ 4 ಅಂಗುಲ ಅಗಲವಿದ್ದರೆ ಅದನ್ನು ಹಿಡಿದಿಡುವ ಕಾಂಕ್ರೀಟ್ ಗುಂಡಿ ಸುಮಾರು 12 ಅಂಗುಲವಿರುತ್ತದೆ. ಕಂಬವನ್ನು ಗಡಿಗೆರೆಗೆ ತಾಗಿಸಿ ನಿಲ್ಲಿಸಿದರೆ ಮೇಲೆ ಎಲ್ಲವೂ ಸರಿಯಾಗಿ ಕಂಡರೂ ಕೆಳಗೆ ಕಾಂಕ್ರೀಟು ಪಕ್ಕದವರ ನೆಲಕ್ಕೆ ನುಗ್ಗಿರುತ್ತದೆ. ಗುಂಡಿ ಪೂರ್ತಿಯಾಗಿ ನಿಮ್ಮ ಕಡೆ ಬರುವಂತೆ ಬೇಲಿಯನ್ನು ಒಳಗೆ ಸರಿಸಿ. ಹೀಗೆ ಸರಿಸಿದರೆ ಬಿಟ್ಟ ಜಾಗ ಕೈತಪ್ಪೀತೆಂಬ ಆತಂಕ ಅನೇಕರಿಗೆ ಇರುತ್ತದೆ, ಅದು ನಿರಾಧಾರವೂ ಅಲ್ಲ. ಬೇರೆಯವರ ಜಾಗವನ್ನು ಬಹುಕಾಲ ತಮ್ಮದೆಂಬಂತೆ ಬಹಿರಂಗವಾಗಿ ಅನುಭವಿಸಿದವರು ಅದರ ಮೇಲೆ ಹಕ್ಕು ಸಾಧಿಸುವುದಕ್ಕೆ ಪ್ರತಿಕೂಲ ಸ್ವಾಧೀನ ಎನ್ನುತ್ತಾರೆ; ಭಾರತದಲ್ಲಿ 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಅದರ ಅವಧಿ 12 ವರ್ಷ. ಗಡಿ ಎಲ್ಲಿದೆ, ಬೇಲಿ ಎಷ್ಟು ಒಳಗಿದೆ ಎಂಬುದನ್ನು ಇಬ್ಬರೂ ಸಹಿ ಹಾಕಿದ ಪತ್ರದಲ್ಲಿ ಬರೆದಿಟ್ಟರೆ ಆ ವಾದಕ್ಕೆ ಬಲವೇ ಉಳಿಯುವುದಿಲ್ಲ. ಅಗೆಯುವ ಮುಂಚೆ ವಿದ್ಯುತ್ ಕೇಬಲ್, ಅನಿಲ ಮತ್ತು ನೀರಿನ ಕೊಳವೆಗಳು ಎಲ್ಲಿ ಹಾದುಹೋಗಿವೆಯೆಂದು ಆಯಾ ಸಂಸ್ಥೆಗಳಿಂದ ಗುರುತು ಹಾಕಿಸಿಕೊಳ್ಳಿ; ಅಮೆರಿಕದಲ್ಲಿ ಇದಕ್ಕೆಂದೇ 811 ಎಂಬ ದೂರವಾಣಿ ಸಂಖ್ಯೆಯಿದೆ. ಕೊಳವೆಗಳಿಗಾಗಿ ಹಕ್ಕು ಕಾಯ್ದಿರಿಸಿದ ನೆಲದ ಪಟ್ಟಿಯಲ್ಲಿ ಬೇಲಿ ಹಾಕಿದರೆ ದುರಸ್ತಿಯ ದಿನ ಅದನ್ನು ಕೀಳುವ ಖರ್ಚೂ ನಿಮ್ಮ ತಲೆಗೇ ಬರಬಹುದು.

ಖರ್ಚಿನಲ್ಲಿ ಪಾಲು ಕೇಳಬಹುದೇ ಎಂದೂ ಕೇಳಿದ್ದೀರಿ. ಕ್ಯಾಲಿಫೋರ್ನಿಯಾದಲ್ಲಿ 2013ರ ಕಾನೂನಿನಂತೆ ಗಡಿಬೇಲಿಯ ಹೊಣೆ ಇಬ್ಬರಿಗೂ ಸಮನಾಗಿದೆ ಎಂಬ ಪೂರ್ವಭಾವನೆಯಿದೆ, ಆದರೆ ಪಾಲು ಕೇಳುವವರು 30 ದಿನ ಮೊದಲು ಲಿಖಿತ ನೋಟಿಸು ಕೊಡಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 1991ರ ಕಾಯ್ದೆ ಸಾಕಷ್ಟು ಮಟ್ಟದ ಬೇಲಿಯ ವೆಚ್ಚವನ್ನು ಸಮನಾಗಿ ಹಂಚಿ, ಅದಕ್ಕಿಂತ ಮೇಲಿನ ದರ್ಜೆಯದು ಬೇಕೆನ್ನುವವರು ಹೆಚ್ಚುವರಿಯನ್ನು ತಾವೇ ಭರಿಸಬೇಕೆನ್ನುತ್ತದೆ. ಎರಡೂ ಕಡೆ ಕೇಳುವುದು ಮೊದಲು, ಕಟ್ಟುವುದು ಆಮೇಲೆ. ಬೇಲಿ ಎದ್ದುನಿಂತ ಮೇಲೆ ಬಿಲ್ಲು ಹಿಡಿದು ಹೋದವರಿಗೆ ಪಾಲು ಸಿಗುವ ಸಾಧ್ಯತೆ ಕಡಿಮೆ.

ಈಜುಕೊಳದ ಬೇಲಿಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ, ಅಲ್ಲಿ ಗರಿಷ್ಠದ ಬದಲು ಕನಿಷ್ಠ ಎತ್ತರ ಮುಖ್ಯ. ಅಮೆರಿಕದ ಮಾದರಿ ಸಂಹಿತೆಯಲ್ಲಿ ಅದು 48 ಅಂಗುಲ, ಆಸ್ಟ್ರೇಲಿಯಾದಲ್ಲಿ 1.2 ಮೀಟರ್. ಪಟ್ಟಿಗಳ ನಡುವಿನ ಸಂದಿನಲ್ಲಿ 4 ಅಂಗುಲ ವ್ಯಾಸದ ಚೆಂಡು ತೂರಬಾರದು, ಗೇಟು ಕೊಳದ ವಿರುದ್ಧ ದಿಕ್ಕಿಗೆ ತೆರೆದುಕೊಳ್ಳಬೇಕು, ಕೈಬಿಟ್ಟ ಕೂಡಲೇ ತಾನೇ ಮುಚ್ಚಿ ಚಿಲಕ ಬೀಳಬೇಕು. ಪುಟ್ಟ ಮಕ್ಕಳು ಕಾಲಿಟ್ಟು ಹತ್ತಬಹುದಾದ ಅಡ್ಡಪಟ್ಟಿಗಳು ಹೊರಮುಖದಲ್ಲಿ ಇರಬಾರದು. ನಯವಾದ ಮುಖ ಹೊರಗಿರಲಿ ಎಂದು ಅನೇಕ ಊರುಗಳು ಅಂದಕ್ಕಾಗಿ ವಿಧಿಸುವ ನಿಯಮ ಇಲ್ಲಿ ಜೀವ ಉಳಿಸುವ ನಿಯಮವೂ ಆಗುತ್ತದೆ. ಇದೊಂದರಲ್ಲಿ ನಿಮ್ಮ ಊರಿನ ನಿಯಮ ಸಡಿಲವಾಗಿದ್ದರೂ ನೀವು ಸಡಿಲ ಬಿಡಬೇಡಿ.

ಎದುರು ಮನೆಯ ಬೇಲಿಯನ್ನು ಪೂರ್ವನಿದರ್ಶನವಾಗಿ ತೋರಿಸುವುದರಿಂದ ಪ್ರಯೋಜನವಾಗದು. ಅದು ಈಗಿನ ನಿಯಮಕ್ಕಿಂತ ಹಳೆಯದಾಗಿದ್ದು ಇದ್ದ ಸ್ಥಿತಿಯಲ್ಲಿ ಉಳಿಸಿಕೊಳ್ಳಲು ಅವಕಾಶ ಪಡೆದಿರಬಹುದು, ವಿಶೇಷ ಸಡಿಲಿಕೆ ಪಡೆದಿರಬಹುದು, ಅಥವಾ ಯಾರೂ ದೂರು ಕೊಡದಿರಬಹುದು. ಅಂಥ ಸಡಿಲಿಕೆಗೆ ನೀವೂ ಅರ್ಜಿ ಸಲ್ಲಿಸಬಹುದು, ಆದರೆ ಅದು ಸಾಮಾನ್ಯವಾಗಿ ಸಿಗುವುದು ನೆಲದ ಆಕಾರ, ಇಳಿಜಾರುಗಳಂಥ ನಿವೇಶನದ್ದೇ ಆದ ಕಷ್ಟಕ್ಕೆ. ಖಾಸಗಿತನ ಬೇಕೆಂಬ ಬಯಕೆಯೊಂದಕ್ಕೇ ಸಿಗುವುದು ಅಪರೂಪ.

ನಾನು ನಿಮ್ಮ ನಕ್ಷೆ ಬರೆಯುವುದಾದರೆ ಹಿತ್ತಲಿಗೆ ಮತ್ತು ಪಕ್ಕದ ಮನೆಯ ಬದಿಗೆ 6 ಅಡಿ, ರಸ್ತೆಯ ಎರಡು ಬದಿಗಳಿಗೆ ಸ್ಥಳೀಯ ಮಿತಿಯೊಳಗಿನ ತಗ್ಗು ಬೇಲಿ, ಕೊಳಕ್ಕೆ ಪ್ರತ್ಯೇಕ ಬೇಲಿ ಎಂದು ವಿಂಗಡಿಸುತ್ತಿದ್ದೆ. ಎರಡನೆಯ ರಸ್ತೆಯ ಬದಿಯಲ್ಲಿ ಮರೆ ಬೇಕೇಬೇಕೆನಿಸಿದರೆ, ಎತ್ತರದ ಬೇಲಿಯನ್ನು ಗಡಿಯಿಂದ ಹಿಂದೆ ಸರಿಸಿ, ಮನೆಯ ಗೋಡೆಯ ಸಾಲಿಗೆ ತಂದು ನಿಲ್ಲಿಸಲು ನಿಮ್ಮ ಬೈಲಾದಲ್ಲಿ ಅವಕಾಶವಿದೆಯೇ ಎಂದು ಕಚೇರಿಯಲ್ಲಿ ವಿಚಾರಿಸಿ. ಸ್ವಲ್ಪ ಅಂಗಳ ಬೇಲಿಯಾಚೆ ಉಳಿದರೂ ಹಲವು ಊರುಗಳಲ್ಲಿ ಆ ಸಾಲಿನಿಂದ ಹಿಂದಕ್ಕೆ 6 ಅಡಿಗೆ ಅಡ್ಡಿಯಿರುವುದಿಲ್ಲ.