ಕೇಳಿ, ಹೇಳುತ್ತೇನೆ: ಮಂಗಳೂರಿನ ರೈಲು, ಬಸ್ಸು

ಪ್ರಶ್ನೆ: ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತಂತೆ. ಹಾಗಿದ್ದೂ ನನ್ನ ಅಜ್ಜ ಬೆಂಗಳೂರಿಗೂ ಮುಂಬೈಗೂ ಬಸ್ಸಿನಲ್ಲೇ ಹೋಗುತ್ತಿದ್ದರು. ಏಕೆ?
– ಓದುಗರೊಬ್ಬರು, ಬಜಪೆ

ಉತ್ತರ: ರೈಲು ಬಂದದ್ದು ನಿಜ, ಆದರೆ ತೆಂಕಣ ದಿಕ್ಕಿನಿಂದ. ಆಗ ನಮ್ಮದು ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಶೊರನೂರು, ಕಲ್ಲಿಕೋಟೆ, ಕಣ್ಣೂರು, ಕಾಸರಗೋಡು ದಾಟಿದ ಹಳಿ ನೇತ್ರಾವತಿಯ ಸೇತುವೆ ಹತ್ತಿ ಊರೊಳಗೆ ಬಂದು ಅಲ್ಲಿಗೇ ನಿಂತುಬಿಟ್ಟಿತು. ಮದ್ರಾಸಿನಲ್ಲಿ ಓದುವವರಿಗೆ, ಕೋರ್ಟು ಕಚೇರಿ ಎಂದು ಅಲೆಯುವವರಿಗೆ ಅನುಕೂಲವಾಯಿತು. ಹೋಟೆಲು, ಬ್ಯಾಂಕು ಎಂದು ದುಡಿಯಲು ಹೊರಟವರು ನೋಡುತ್ತಿದ್ದುದು ಮುಂಬೈಯ ಕಡೆಗೆ. ಅವರಿಗೆ ಮೊದಲು ಹಡಗೇ ಗತಿಯಾಗಿತ್ತು. ಅದೂ ದಡಕ್ಕೆ ಬರುತ್ತಿರಲಿಲ್ಲ, ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು. ಆಮೇಲೆ ಬಸ್ಸು ಬಂತು. ರೈಲಿನಲ್ಲೇ ಹೋಗುತ್ತೇನೆಂದು ಹಟ ಹಿಡಿದವರು ಪಾಲಕ್ಕಾಡಿನ ಕಡೆಯಿಂದ ಬಳಸಿ ಸುಮಾರು 2,000 ಕಿ.ಮೀ. ಸುತ್ತಬೇಕಿತ್ತು. ಕೊಂಕಣ ರೈಲ್ವೆ ಅದನ್ನು 900ರ ಆಸುಪಾಸಿಗೆ ಇಳಿಸಿತು. ಉಡುಪಿಯವರೆಗಿನ ತುಂಡು 1993ರಲ್ಲಿ ತೆರೆಯಿತು, ಪೂರ್ತಿ ಮಾರ್ಗ 1998ರಲ್ಲಿ. ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸರು 1989–90ರಲ್ಲಿ ರೈಲ್ವೆ ಮಂತ್ರಿಯಾಗದೆ ಇದ್ದಿದ್ದರೆ ನಾವು ಇನ್ನೆಷ್ಟು ಕಾಲ ಕಾಯಬೇಕಿತ್ತೋ!

ಬೆಂಗಳೂರಿನ ಕತೆ ಇನ್ನೂ ಪೇಚಿನದು. ಅದು ಬೇರೆ ಸಂಸ್ಥಾನದ ಊರು, ನಡುವೆ ಘಟ್ಟ. ಹಾಸನದಿಂದ ಮೀಟರ್‌ ಗೇಜ್ ಹಳಿ ಇಳಿದು ಬಂದದ್ದು 1979ರಲ್ಲಿ, ಅಂದರೆ ಮೊದಲ ರೈಲು ಬಂದು ಎಪ್ಪತ್ತು ವರ್ಷ ದಾಟಿದ ಮೇಲೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವೆ 57 ಸುರಂಗಗಳು, ನೂರಕ್ಕೂ ಮೀರಿದ ಸೇತುವೆಗಳು. ಅದನ್ನೂ 1996ರಲ್ಲಿ ಬ್ರಾಡ್‌ ಗೇಜ್ ಮಾಡಲೆಂದು ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ಶಿರಾಡಿ ಘಾಟಿಯ ಗುಂಡಿಗಳನ್ನು ಎಣಿಸಿದ ನನ್ನಂಥವರಿಗೆ ಆ ರೈಲಿನ ನಿಧಾನದ ಬಗ್ಗೆ ದೂರಲು ಮನಸ್ಸಾಗುವುದಿಲ್ಲ. ಮಂಗಳೂರು ಸೆಂಟ್ರಲ್ ನಿಲ್ದಾಣ ಮಾತ್ರ ಇಂದಿಗೂ ಕೇರಳದ ಪಾಲಕ್ಕಾಡ್ ರೈಲ್ವೆ ವಿಭಾಗದ ಅಡಿಯಲ್ಲೇ ಇದೆ. 1907ರ ಸಂಬಂಧ, ಕಡಿಯುವುದು ಸುಲಭವೇ?

ಪ್ರಶ್ನೆ: ಪೇಶಾವರದಿಂದ ಮಂಗಳೂರಿಗೆ ರೈಲಿತ್ತು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಂಬಬಹುದೇ?
– ಓದುಗರೊಬ್ಬರು, ಮೂಲ್ಕಿ

ಉತ್ತರ: ನಂಬಿ. 1929ರಲ್ಲಿ ಆರಂಭವಾದಾಗ ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ಸಿನ ಎರಡು ತುದಿಗಳು ಅವೇ. ನೂರು ಗಂಟೆ ಮೀರಿದ ಪ್ರಯಾಣ. ಆ ಏರ್ಪಾಡು ಹೆಚ್ಚು ಕಾಲ ಬಾಳಲಿಲ್ಲ; ಅದೇ ಹೆಸರಿನ ರೈಲು ಈಗ ದೆಹಲಿ–ಚೆನ್ನೈ ನಡುವೆ ಓಡುತ್ತಿದೆ. ಪೇಶಾವರಕ್ಕೆ ಹಳಿಯಿದ್ದ ಆ ದಿನಗಳಲ್ಲಿ ಇಲ್ಲಿಂದ ಉಡುಪಿಗೆ ಹಳಿ ಇರಲಿಲ್ಲ ಎಂಬುದನ್ನೂ ನಿಮ್ಮ ಮೇಷ್ಟ್ರು ಹೇಳಿದ್ದರೇ?

ಪ್ರಶ್ನೆ: ಬೇರೆ ಊರುಗಳಲ್ಲಿ ಸಿಟಿ ಬಸ್ಸೆಂದರೆ ಸರಕಾರದ್ದು. ನಮ್ಮಲ್ಲಿ ಮಾತ್ರ ಖಾಸಗಿಯವರದೇ ಭರಾಟೆ. ಇದು ಹೇಗಾಯಿತು?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಸರಕಾರ ಬಸ್ಸು ಬಿಡುವ ಯೋಚನೆ ಮಾಡುವ ಬಹಳ ಮೊದಲೇ ಇಲ್ಲಿ ಬಸ್ಸು ಓಡುತ್ತಿತ್ತು. ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿ ಹುಟ್ಟಿದ್ದು 1914ರಲ್ಲಿ. ಹಳಬರ ಬಾಯಲ್ಲಿ ಅದು ‘ಸಿಪಿಸಿ’. 1956ರಲ್ಲಿ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಖಾಸಗಿ ಬಸ್ಸುಗಳು ಇಲ್ಲಿ ಗಟ್ಟಿಯಾಗಿ ಬೇರುಬಿಟ್ಟಿದ್ದವು. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಸಿಟಿ ಬಸ್ಸು, ಹಳ್ಳಿಗಳಿಗೆ ಹೋಗುವ ಸರ್ವಿಸ್ ಬಸ್ಸು, ಎರಡೂ ಆ ಪರಂಪರೆಯವು. ಕಂಡಕ್ಟರ್ ನಿಮ್ಮನ್ನು ಒಳಗೆ ತುರುಕುವ ಪರಿ ನನಗೂ ಹಿಡಿಸುವುದಿಲ್ಲ. ಆದರೆ ಹಗಲಿನಲ್ಲಿ ಒಂದು ಬಸ್ಸು ತಪ್ಪಿದರೆ ಬೆನ್ನಿಗೇ ಇನ್ನೊಂದು ಬರುತ್ತದೆ. ಈ ಸುಖ ಎಷ್ಟು ಊರುಗಳಿಗಿದೆ? ಈಚಿನ ವರ್ಷಗಳಲ್ಲಿ ಕೇಂದ್ರದ ನರ್ಮ್ ಯೋಜನೆಯ ಸರಕಾರಿ ಬಸ್ಸುಗಳೂ ಬಂದಿವೆ. ಇನ್ನಷ್ಟು ಬರಲಿ, ನನ್ನ ತಕರಾರಿಲ್ಲ. ಖಾಸಗಿಯವರು ಗಾಡಿ ನಿಲ್ಲಿಸಿ ಮನೆಗೆ ಹೋದ ಮೇಲೆ, ರಾತ್ರಿ ಒಂಬತ್ತರ ನಂತರವೂ ಓಡಲಿ.