ಸ್ಟಾರ್ಟರ್ ಡಬ್ಬಿ ‘ಜುಮ್’ ಅಂದರೆ ಸುಮ್ಮನಿರಬೇಡಿ

ಪ್ರಶ್ನೆ: ನಮ್ಮದು ಕೊಳವೆಬಾವಿ ನೆಚ್ಚಿಕೊಂಡ ಮೂರು ಎಕರೆ ತೆಂಗು, ಅಡಿಕೆ. 7.5 ಎಚ್‌ಪಿ ಮೋಟರ್. ಒಂದು ತಿಂಗಳಿಂದ ಸ್ಟಾರ್ಟರ್ ಡಬ್ಬಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ನನಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ನೀರು ಕಟ್ಟುವವರು ಮಾತ್ರ ‘ಜೋರಾಗಿ ಹೊಡೀತದೆ ಸ್ವಾಮಿ’ ಅನ್ನುತ್ತಾರೆ. ವೈರಿಂಗ್ ಮಾಡುವವರು ಡಬ್ಬಿಯಿಂದ ಕೇಸಿಂಗ್ ಪೈಪಿಗೆ ಒಂದು ತಂತಿ ಕಟ್ಟಿ ಹೋದರು. ಇಷ್ಟು ಸಾಕೇ? ಫ್ಯೂಸ್ ಇದ್ದೇ ಇದೆಯಲ್ಲ?
– ಓದುಗರು, ತಿಪಟೂರು ತಾಲ್ಲೂಕು

ಉತ್ತರ: ಸಾಲದು. ದುರಸ್ತಿ ಆಗುವವರೆಗೆ ಆ ಡಬ್ಬಿಯನ್ನು ಯಾರೂ ಮುಟ್ಟದಂತೆ ಮಾಡಿ. ಎರಡು ದಿನ ನೀರು ತಪ್ಪಿದರೆ ತೋಟ ತಡೆದುಕೊಳ್ಳುತ್ತದೆ.

ನಿಮ್ಮ ಕೆಲಸದವರು ಹೆಚ್ಚು ಮಾಡಿ ಹೇಳುತ್ತಿಲ್ಲ. ನೀವು ಚಪ್ಪಲಿ ಹಾಕಿಕೊಂಡು, ಒಣಗಿದ ಕೈಯಲ್ಲಿ ಮುಟ್ಟುತ್ತೀರಿ. ಅವರು ಕೆಸರಿನ ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಬಂದು ಮುಟ್ಟುತ್ತಾರೆ. ಅದೇ ಡಬ್ಬಿ ನಿಮಗೆ ಜುಮ್ ಅಂದರೆ ಅವರನ್ನು ಹಿಡಿದೇಬಿಡಬಹುದು. ಮೈಯಲ್ಲಿ 1 ಮಿಲಿ ಆಂಪಿಯರ್ ಹರಿದರೆ ಜುಮ್ ಅನ್ನುತ್ತದೆ. 10 ದಾಟುತ್ತಿದ್ದಂತೆ ಮುಷ್ಟಿ ಬಿಗಿದುಕೊಂಡು ಬಿಡಿಸಲು ಬರುವುದಿಲ್ಲ. 30 ದಾಟಿದರೆ ಉಸಿರಿಗೆ, ಎದೆಬಡಿತಕ್ಕೆ ಅಪಾಯ. ನಿಮ್ಮ ಮೋಟರ್ ಓಡುವಾಗ ಎಳೆಯುವುದೇ ಸುಮಾರು 11 ಆಂಪಿಯರ್, ಅಂದರೆ 11,000 ಮಿಲಿ ಆಂಪಿಯರ್. ಮನುಷ್ಯನ ಜೀವ ತೆಗೆಯುವ ಕರೆಂಟು ಫ್ಯೂಸಿಗೆ ಲೆಕ್ಕಕ್ಕೇ ಬರುವುದಿಲ್ಲ. ಫ್ಯೂಸ್ ಇರುವುದು ಮೋಟರು, ವೈರು ಸುಡದಿರಲಿ ಎಂದು.

ಇನ್ನು ಆ ಕೇಸಿಂಗ್ ತಂತಿ. ನಿಮ್ಮ ಕೇಸಿಂಗ್ ಪಿವಿಸಿಯದಾದರೆ ಅದಕ್ಕೆ ಕಟ್ಟಿದ ತಂತಿಯಿಂದ ಏನೇನೂ ಪ್ರಯೋಜನವಿಲ್ಲ. ಕಬ್ಬಿಣದ್ದಾಗಿದ್ದು ಆಳಕ್ಕೆ ಇಳಿದಿದ್ದರೆ ಕೆಲವೊಮ್ಮೆ ಒಳ್ಳೆಯ ಅರ್ಥಿಂಗೇ ಸಿಗುತ್ತದೆ, ಸುಳ್ಳಲ್ಲ. ಆದರೆ ಸುಮ್ಮನೆ ಸುತ್ತಿದ ತಂತಿ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ಸಡಿಲವಾಗುತ್ತದೆ. ಜನ ಕೈಕಾಲು ತೊಳೆಯುವುದು, ಬೊಗಸೆಯೊಡ್ಡಿ ನೀರು ಕುಡಿಯುವುದು ಅದೇ ಪೈಪಿನ ಬಳಿ ಎಂಬುದನ್ನೂ ಮರೆಯಬೇಡಿ.

ಬೇಸಿಗೆಯಲ್ಲಿ ಒಣಗಿದ ಅರ್ಥಿಂಗ್ ಗುಂಡಿಯ ತಡೆ 50 ಓಮ್ ಇದೆ ಅನ್ನಿ. 230 ವೋಲ್ಟಿನ ಒಂದು ಫೇಸ್ ಡಬ್ಬಿಗೆ ತಗುಲಿದರೂ ನೆಲಕ್ಕೆ ಇಳಿಯುವುದು 4.6 ಆಂಪಿಯರ್ ಮಾತ್ರ. ಫ್ಯೂಸ್ ಹೋಗುವುದಿಲ್ಲ, ಮೋಟರ್ ಓಡುತ್ತಲೇ ಇರುತ್ತದೆ, ಡಬ್ಬಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಹಾಗಾಗಿ ಬೇಕಾದದ್ದು ಎರಡು. ಒಂದು, ಸರಿಯಾದ ಅರ್ಥಿಂಗ್: 40 ಮಿ.ಮೀ. ವ್ಯಾಸದ, ಎರಡೂವರೆ ಮೀಟರ್ ಉದ್ದದ ಜಿಐ ಪೈಪನ್ನು ನೆಟ್ಟಗೆ ಹೂತು, ಡಬ್ಬಿಯಿಂದ ಬರುವ ತಂತಿಯನ್ನು ನಟ್ಟು ಬೋಲ್ಟಿನಿಂದ ಬಿಗಿಯಬೇಕು. ಡ್ರಿಪ್ ಇದ್ದರೆ ಒಂದು ಹನಿ ಆ ಗುಂಡಿಗೂ ಬೀಳಲಿ, ಬೇಸಿಗೆಯಲ್ಲೂ ಮಣ್ಣು ತೇವವಾಗಿರುತ್ತದೆ. ಎರಡು, 30 ಮಿಲಿ ಆಂಪಿಯರಿನ, ನಾಲ್ಕು ಪೋಲಿನ ಆರ್‌ಸಿಸಿಬಿ. ಕರೆಂಟ್ ಸೋರಿಕೆ ಕಂಡ ಕ್ಷಣಾರ್ಧದಲ್ಲಿ ಈ ಸ್ವಿಚ್ ಲೈನನ್ನೇ ಕತ್ತರಿಸುತ್ತದೆ. ಮೂರು ಫೇಸ್ ಮಾತ್ರ ಬಂದು ನ್ಯೂಟ್ರಲ್ ಇಲ್ಲದ ಕಡೆ ಅದರ ಟೆಸ್ಟ್ ಬಟನ್ ಕೆಲಸ ಮಾಡದೇ ಇರಬಹುದು. ಜೋಡಿಸುವವರಿಗೆ ಇದನ್ನು ಮೊದಲೇ ಹೇಳಿ. ಪದೇ ಪದೇ ಬೀಳುತ್ತದೆ ಎಂದು ಅದನ್ನು ತಪ್ಪಿಸಿ ನೇರ ಜೋಡಿಸುವವರನ್ನು ಬಹಳ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಬೀಳುತ್ತಿದೆ ಎಂದರೆ ಸಾಮಾನ್ಯವಾಗಿ ಕೇಬಲ್ ಜಾಯಿಂಟಿನಲ್ಲೋ ಮೋಟರಿನ ವೈಂಡಿಂಗಿನಲ್ಲೋ ಸೋರಿಕೆ ಇದೆ. ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಉಪಕರಣ) ಹಾಕಿಸಿ ನೋಡಿ.

ನೀವು ಕೇಳದ ಒಂದು ಮಾತನ್ನೂ ಹೇಳಲೇಬೇಕು. ಮೂರು ಫೇಸ್ ಬರುವುದೇ ಪಾಳಿಯ ಮೇಲೆ, ಒಮ್ಮೆ ಹಗಲು, ಒಮ್ಮೆ ನಡುರಾತ್ರಿ. ಅದಕ್ಕೇ ಆಟೋ ಸ್ಟಾರ್ಟರ್, ಮೊಬೈಲ್ ಸ್ಟಾರ್ಟರ್ ಬಂದವು. ಅನುಕೂಲವೇ, ಒಪ್ಪುತ್ತೇನೆ. ಆದರೆ ಕರೆಂಟ್ ಹೋಗಿದೆ ಎಂದು ಕೆಲಸದವರು ವೈರಿಗೆ ಕೈ ಹಾಕಿರುವಾಗಲೇ ಕರೆಂಟ್ ಬಂದರೆ ಮೋಟರ್ ತಾನಾಗಿ ಶುರುವಾಗುತ್ತದೆ. ಅಥವಾ ಪೇಟೆಯಲ್ಲಿರುವ ಯಜಮಾನರು ಇದೊಂದೂ ತಿಳಿಯದೆ ಫೋನ್ ಒತ್ತುತ್ತಾರೆ. ಕೈ ಹಾಕುವ ಮುನ್ನ ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್ ಕಿತ್ತು, ಕೆಲಸ ಮಾಡುವವರೇ ಜೇಬಿಗೆ ಹಾಕಿಕೊಳ್ಳಬೇಕು. ಕೆಲಸ ಮುಗಿಯುವವರೆಗೆ ಅದು ಬೇರೆಯವರ ಕೈಗೆ ಹೋಗಬಾರದು. ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿ ಫ್ಯೂಸ್ ಹಾಕು ಎಂದಂತೂ ಕೂಲಿಯವರಿಗೆ ಯಾವತ್ತೂ ಹೇಳಬೇಡಿ. ಅದು ಲೈನ್‌ಮನ್ ಕೆಲಸ, 1912ಕ್ಕೆ ಫೋನ್ ಮಾಡಿ.

ಪ್ರಶ್ನೆ: ತೋಟದ ಅಂಚಿನಲ್ಲಿ 11 ಕೆವಿ (11,000 ವೋಲ್ಟ್) ಲೈನ್ ಹಾದುಹೋಗಿದೆ. ಈ ವರ್ಷ ಅಡಿಕೆ ಕೊಯ್ಯಲು, ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ತಂದಿದ್ದೇವೆ. ಫೈಬರ್ ಆದ್ದರಿಂದ ಶಾಕ್ ಹೊಡೆಯುವುದಿಲ್ಲ ಎಂದರು. ಹೌದೇ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಆ ಮಾತನ್ನು ನಂಬಬೇಡಿ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ‘ಫೈಬರ್’ ಎಂಬ ಒಂದು ಶಬ್ದವೇ ಜನರನ್ನು ಮೋಸಗೊಳಿಸುತ್ತಿದೆ. ಅಲ್ಯೂಮಿನಿಯಂ ದೋಟಿಗೆ ಇರುವ ಭಯ ಇದಕ್ಕೂ ಇರಬೇಕು. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಅದು ಸೋರಿ ದೋಟಿಯೇ ಒದ್ದೆಯಾಗಿರುತ್ತದೆ. ಹಸಿ ಬಿದಿರನ್ನೂ ನಂಬುವ ಹಾಗಿಲ್ಲ.

ರಸ್ತೆಯಿಂದಾಚೆ, ಹೊಲ ತೋಟಗಳ ಮೇಲೆ 11 ಕೆವಿಯ ಬರಿ ತಂತಿ ನೆಲದಿಂದ 4.6 ಮೀಟರ್, ಅಂದರೆ ಸುಮಾರು 15 ಅಡಿ ಎತ್ತರದಲ್ಲಿದ್ದರೆ ನಿಯಮಕ್ಕೆ ಸಾಕು. ನಿಮ್ಮ ದೋಟಿ ಅದರ ಎರಡು ಮೂರು ಪಟ್ಟು ಉದ್ದ. ಎತ್ತಿದ ದೋಟಿ ಗಾಳಿಗೆ ಬಾಗುತ್ತದೆ, ಅಡಿಕೆ ಕೊನೆ ಕಿತ್ತ ರಭಸಕ್ಕೆ ಹಿಂದಕ್ಕೆ ಹೊಯ್ದಾಡುತ್ತದೆ, ಮೇಲೆ ನೋಡುತ್ತಾ ನಡೆಯುವವರಿಗೆ ಪಕ್ಕದ ತಂತಿ ಕಾಣುವುದಿಲ್ಲ. ದೋಟಿ ಅಡ್ಡ ಬಿದ್ದರೂ ತಂತಿಗೆ ತಗುಲದಷ್ಟು ದೂರದ ಮರಗಳಿಗೆ ಮಾತ್ರ ಅದನ್ನು ಬಳಸಿ. ಅದಕ್ಕಿಂತ ಹತ್ತಿರದ ಸಾಲುಗಳಿಗೆ ಲೈನ್‌ಮನ್ ಮೂಲಕ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿಸುವ ಅನುಮತಿ) ತೆಗೆಸಿ, ಲೈನ್ ಆಫ್ ಆಗಿದೆ ಎಂದು ಅವರೇ ಹೇಳಿದ ಮೇಲೆ ಕೊಯ್ಲು ಮಾಡಿಸಿ. ಆ ಮರಗಳಿಗೆ ಬಣ್ಣದ ಪಟ್ಟಿ ಬಳಿದಿಟ್ಟರೆ, ಹೊಸದಾಗಿ ಬಂದ ಕೊನೆಗಾರರಿಗೂ ತಿಳಿಯುತ್ತದೆ.

ಪ್ರಶ್ನೆ: ಕರೆಂಟ್ ಹೊಡೆದವರನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತರೆ ಮೈಯಲ್ಲಿನ ಕರೆಂಟ್ ನೆಲಕ್ಕೆ ಇಳಿಯುತ್ತದೆ ಎನ್ನುತ್ತಾರೆ. ನಿಜವೇ?
– ಓದುಗರು, ಸಿಂಧನೂರು

ಉತ್ತರ: ನಿಜವಲ್ಲ. ತಂತಿಯಿಂದ ಬಿಡಿಸಿದ ಮೇಲೆ ಮೈಯಲ್ಲಿ ಕರೆಂಟ್ ಉಳಿಯುವುದಿಲ್ಲ. ಗುಂಡಿ ತೋಡುವ ಆ ಹೊತ್ತಿನಲ್ಲೇ ಜೀವ ಹೋಗುತ್ತದೆ.

ಮೊದಲು ಮೇನ್ ಇಳಿಸಿ. ಆಗದಿದ್ದರೆ ಒಣ ಮರದ ಕೋಲಿನಿಂದ ವೈರನ್ನು ದೂರ ತಳ್ಳಿ. ಇದು ಮೋಟರ್ ಲೈನಿಗೆ ಮಾತ್ರ. 11 ಕೆವಿ ತಂತಿ ಹರಿದು ಬಿದ್ದಿದ್ದರೆ ಕೋಲೂ ಬೇಡ, 10 ಮೀಟರ್ ದೂರ ನಿಂತು ಲೈನ್ ಆಫ್ ಮಾಡಿಸಿ. ಅಲ್ಲಿ ನೆಲವೇ ಹೊಡೆಯುತ್ತದೆ. ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಿರುವ ದನಗಳು ತಂತಿ ಮುಟ್ಟದೆಯೂ ಸಾಯುವುದು ಇದರಿಂದಲೇ. ಬಿಡಿಸಿದ ಮೇಲೆ ಉಸಿರಾಟ ಕಾಣದಿದ್ದರೆ 108ಕ್ಕೆ ಒಬ್ಬರು ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು, ಎರಡು ಇಂಚು ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಲಿ. ದಣಿದರೆ ಕೈ ಬದಲಿಸಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಎದ್ದು ಕೂತು ‘ನನಗೇನೂ ಆಗಿಲ್ಲ’ ಅಂದವರನ್ನೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ಅರ್ಧ ದಿನದ ಕೂಲಿ ಹೋಗುತ್ತದೆಂದು ಅವರು ಹಿಂಜರಿಯಬಹುದು, ಆ ಕೂಲಿಯನ್ನು ನೀವೇ ಕೊಡಿ.