ಇಬ್ರೂ 'ಅವ್ನೇ ಹೊಡ್ದಿದ್ದು' ಅಂದ್ರೆ ಗಲ್ಲು ಯಾರಿಗೆ?

ಪ್ರಶ್ನೆ: ಲಾಯರ್ ಅಕ್ಕಾ, ನಮ್ಮನೇಲಿ ಅಡಕೆ ಸುಲಿಯೋಕೆ ಕೂತ್ರೆ ದಿನಾ ಒಂದು ಚರ್ಚೆ. ಮೊನ್ನೆ, ಇಬ್ರು ಸೇರಿ ಒಂದು ಕೊಲೆ ಮಾಡಿ ಆಮೇಲೆ ಒಬ್ರ ಮೇಲೊಬ್ರು ಹಾಕಿದ್ರೆ ಶಿಕ್ಷೆ ಯಾರಿಗೆ ಅಂತ ಶುರುವಾಯ್ತು. ಮಾವ ಮೆಟ್ಟುಗತ್ತಿಯಿಂದ ತಲೆ ಎತ್ತದೇನೇ 'ಇಬ್ರನ್ನೂ ನೇಣಿಗೆ ಹಾಕ್ಲಿ, ಯಾಕೆ ತಲೆಬಿಸಿ' ಅಂದ್ಬಿಟ್ರು. ನಂಗೆ ಸರಿ ಅನ್ನಿಸ್ಲಿಲ್ಲ, ಯಾಕೆ ಅಂತ ಹೇಳೋಕೂ ಬರ್ಲಿಲ್ಲ.
- ಓದುಗರು, ತೀರ್ಥಹಳ್ಳಿ ತಾಲೂಕು

ಉತ್ತರ: ನಿಮ್ಮ ಮಾವನ ಮಾತಲ್ಲಿ ಅರ್ಧ ಕಾನೂನಿದೆ ಕಣಮ್ಮ. ಕೊಲ್ಲಬೇಕು ಅಂತ್ಲೇ ಇಬ್ರೂ ಒಟ್ಟಿಗೆ ಹೋಗಿ ಮಾಡಿದ್ರೆ ಕತ್ತಿ ಯಾರ ಕೈಲಿತ್ತು ಅನ್ನೋದು ದೊಡ್ಡದಾಗಲ್ಲ, ಇಬ್ರೂ ಕೊಲೆಗಾರರೇ. ಇದಕ್ಕೆ ಮೊದ್ಲು ಹಳೇ ದಂಡ ಸಂಹಿತೆ ಐಪಿಸಿಯ ಸೆಕ್ಷನ್ 34 ಅಂತಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 3(5). ಆದ್ರೆ ಅದು ತಪ್ಪಿತಸ್ಥರು ಅನ್ನೋ ತನಕ ಮಾತ್ರ. ಗಲ್ಲು ಅಂತ ಬಂದಾಗ ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪಿನ ಪ್ರಕಾರ ಕೃತ್ಯದ ಜೊತೆ ಆ ಮನುಷ್ಯನನ್ನೂ ನೋಡ್ಬೇಕು, ಅಂದ್ರೆ ಒಬ್ಬೊಬ್ಬರದ್ದೂ ಬೇರೆಬೇರೆಯಾಗಿ ತೂಗ್ಬೇಕು.

ಇನ್ನು ಒಬ್ರ ಮೇಲೊಬ್ರು ಹೇಳೋ ವಿಷಯ. ನಾನು ಶಿವಮೊಗ್ಗದಲ್ಲಿ ಜೂನಿಯರ್ ಆಗಿದ್ದಾಗ ಒಂದು ಕೊಲೆ ಕೇಸಿನ ಫೈಲ್ ಬಿಚ್ಚಿದ್ರೆ ಎರಡು ಸ್ವಇಚ್ಛಾ ಹೇಳಿಕೆ, ಎರಡೂ ಒಂದೇ ಕೈಬರಹ, ಒಂದ್ರಲ್ಲಿ ಎ1, ಅಂದ್ರೆ ಒಂದನೇ ಆರೋಪಿ ಹೊಡ್ದ ಅಂತ, ಇನ್ನೊಂದ್ರಲ್ಲಿ ಎ2 ಹೊಡ್ದ ಅಂತ, ಕೆಳಗೆ ಒಂದಕ್ಕೆ ಸಹಿ ಒಂದಕ್ಕೆ ಹೆಬ್ಬೆಟ್ಟು. ಪೊಲೀಸರ ಮುಂದೆ ಮಾಡಿದ ಇಂಥ ತಪ್ಪೊಪ್ಪಿಗೆ ಕೋರ್ಟಲ್ಲಿ ನಡೆಯಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಹೇಳಿದ್ರೂ ಜೊತೆ ಆರೋಪಿ ಮಾತನ್ನೇ ಬುನಾದಿ ಮಾಡೋ ಹಾಗಿಲ್ಲ, ಮೊದ್ಲು ಬೇರೆ ಸಾಕ್ಷಿ ನೋಡಿ, ಅದಕ್ಕೆ ಬಲ ಕೊಡೋಕೆ ಬೇಕಾದ್ರೆ ಇದನ್ನ ತಗೊಳ್ಳಿ ಅಂತ ಸುಪ್ರೀಂ ಕೋರ್ಟ್ 1952ರಲ್ಲೇ ಹೇಳಿದೆ. ಯಾಕಂದ್ರೆ ಅವ್ನು ಪ್ರಮಾಣ ಮಾಡಿ ಹೇಳಿರಲ್ಲ, ಪಾಟೀಸವಾಲೂ ಆಗಿರಲ್ಲ. ತನ್ನ ಕುತ್ತಿಗೆ ಉಳಿಸ್ಕೊಳ್ಳೋಕೆ ಮನುಷ್ಯ ಏನು ಬೇಕಾದ್ರೂ ಹೇಳ್ತಾನೆ.

ಇಬ್ರನ್ನೂ ಹಾಕ್ಲಿ ಅನ್ನೋರಿಗೆ ನಾನು ಹೇಳೋದು ಉತ್ತರ ಪ್ರದೇಶದ ಹರ್ಬನ್ಸ್ ಸಿಂಗ್ ಕೇಸು. ನಾಲ್ಕು ಜನರ ಕೊಲೆ, ಜೀತಾ ಸಿಂಗ್, ಕಶ್ಮೀರಾ ಸಿಂಗ್, ಹರ್ಬನ್ಸ್ ಸಿಂಗ್ ಮೂವರಿಗೂ ಗಲ್ಲು. ಮೂವರ ಪಾಲೂ ಸಮಾನ ಅಂತ ಕೋರ್ಟೇ ಹೇಳಿದ್ದು. ಆದ್ರೆ ಬೇರೆಬೇರೆ ಅರ್ಜಿ ಹಾಕಿದ್ರಿಂದ ಬೇರೆಬೇರೆ ಪೀಠದ ಮುಂದೆ ಹೋದ್ವು, ಕಶ್ಮೀರಾ ಸಿಂಗ್‌ದು ಜೀವಾವಧಿಗೆ ಇಳೀತು, ಉಳಿದಿಬ್ಬರದ್ದು ವಜಾ. 1981ರ ಅಕ್ಟೋಬರ್ 6ಕ್ಕೆ ಇಬ್ಬರನ್ನೂ ನೇಣಿಗೆ ಹಾಕೋದು ಅಂತ ಆಗಿತ್ತು. ಹರ್ಬನ್ಸ್ ಮತ್ತೆ ಕೋರ್ಟಿಗೆ ಹೋಗಿ ತಡೆ ತಂದ, ಜೀತಾ ಸಿಂಗ್ ಹೋಗ್ಲಿಲ್ಲ, ಅವತ್ತೇ ಗಲ್ಲಿಗೇರಿಸಿದ್ರು. 1982ರಲ್ಲಿ ಅದೇ ಸುಪ್ರೀಂ ಕೋರ್ಟು, ಹರ್ಬನ್ಸ್ ಶಿಕ್ಷೆ ಇಳಿಸಿ ಅಂತ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡ್ತು, ಅದೇ ತಪ್ಪು ಮಾಡಿದ ಒಬ್ಬ ಬದುಕಿರುವಾಗ ಇನ್ನೊಬ್ಬನ್ನ ಕೊಲ್ಲೋದು ಅನ್ಯಾಯ ಅಂತ. ಅಷ್ಟೊತ್ತಿಗೆ ಜೀತಾ ಸಿಂಗ್ ಸತ್ತು ನಾಲ್ಕು ತಿಂಗಳಾಗಿತ್ತು. ಆ ತೀರ್ಪು ಓದಿದಾಗೆಲ್ಲ ನಂಗೆ ಹೊಟ್ಟೆ ತೊಳಸುತ್ತೆ.

ಇದನ್ನ ಮಾವನಿಗೆ ಓದಿ ಹೇಳಿ, ಏನಂದ್ರು ಅಂತ ಬರೀರಿ.